ಉಡುಪಿಯಿಂದ ಕದ್ರಿಗೆ, ಒಂದು ಪ್ರಶ್ನೆ ಹಿಡಿದು

"ಎಲ್ಲ ಧರ್ಮಗಳೂ ಹೇಳೋದು ಒಂದೇ" ಅನ್ನುವ ಮಾತನ್ನು ನಾನು ರೈಲಿನಲ್ಲಿ ಕೇಳಿದ್ದೇನೆ, ಮದುವೆ ಮನೆಯಲ್ಲಿ ಕೇಳಿದ್ದೇನೆ, ಶಾಲಾ ವಾರ್ಷಿಕೋತ್ಸವದ ಭಾಷಣಗಳಲ್ಲಂತೂ ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಜಗಳ ತಪ್ಪಿಸಲು ಒಳ್ಳೆಯ ಮಾತು. ಆದರೆ ಅದು ನಿಜವಾ? ಹಾಗೆ ಹೇಳುವ ಹೆಚ್ಚಿನವರು ಬೇರೆ ಧರ್ಮ ಹೋಗಲಿ, ತಮ್ಮದೇ ಧರ್ಮ ಏನು ಹೇಳುತ್ತದೆ ಅಂತ ಕೂಡ ವಿಚಾರಿಸಿರುವುದಿಲ್ಲ.

ನಾನು ಹುಟ್ಟಿದ್ದು ಶೃಂಗೇರಿಗೆ ನಡೆದುಕೊಳ್ಳುವ ಸ್ಮಾರ್ತರ ಮನೆಯಲ್ಲಿ. ಹೆಂಡತಿಯ ತವರು ಉಡುಪಿ, ಅಪ್ಪಟ ಮಾಧ್ವರು. ಅಂದರೆ ಸಂಸಾರದೊಳಗೇ ಎರಡು ಸತ್ಯ. ನಮ್ಮ ಮನೆಯ ಅದ್ವೈತದ ಪ್ರಕಾರ ಜೀವನೂ ಬ್ರಹ್ಮನೂ ಒಂದೇ, ಲೋಕ ಮಿಥ್ಯೆ. ಅವರ ಮನೆಯ ದ್ವೈತದ ಪ್ರಕಾರ ಲೋಕ ಸತ್ಯ, ಜೀವ ಬೇರೆ, ದೇವರು ಬೇರೆ, ಎರಡನ್ನೂ ಒಂದು ಅನ್ನುವುದೇ ದೊಡ್ಡ ಅಪರಾಧ. ಎರಡೂ ಒಟ್ಟಿಗೆ ಸರಿಯಾಗಿರಲು ಹೇಗೆ ಸಾಧ್ಯ? ನಾನು ಪೂಜೆ ಬಿಟ್ಟು ಬಹಳ ಕಾಲವಾಯಿತು. ಪ್ರಶ್ನೆ ಮಾತ್ರ ಬಿಟ್ಟಿಲ್ಲ.

ಈ ಸಲ ಡಿಸೆಂಬರಿನಲ್ಲಿ ಉಡುಪಿಗೆ ಹೋದಾಗ ಹೆಂಡತಿಯ ಅಣ್ಣ ಕಾರು ತೆಗೆದರು. ಬ್ಯಾಂಕಿನಿಂದ ನಿವೃತ್ತರು, ದಿನಾ ಸಂಧ್ಯಾವಂದನೆ ಮಾಡುವವರು, ವಾದಕ್ಕೆ ಯಾವಾಗಲೂ ತಯಾರು. "ನಿಮ್ಮ ಪ್ರಶ್ನೆ ಎಂಥದು ಅಂತ ಒಂದೇ ವಾಕ್ಯದಲ್ಲಿ ಹೇಳಿ ಭಾವ, ಎಲ್ಲ ಕಡೆ ಅದನ್ನೇ ಕೇಳುವ" ಅಂದರು. ಯೋಚಿಸಿ ಹೇಳಿದೆ: ನಿಮ್ಮ ದಾರಿಯಲ್ಲಿ ಇಲ್ಲದವನ ಗತಿ ಏನು?

ದೇವರು ಇದ್ದಾನಾ ಇಲ್ಲವಾ ಅಂತ ಕೇಳಿದರೆ ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ಈ ಪ್ರಶ್ನೆ ಕೇಳಿದರೆ ತಡವರಿಸುತ್ತಾರೆ. ಒಂದು ನಂಬಿಕೆಯ ಒಳಗೆ ಏನಿದೆ ಅಂತ ಗೊತ್ತಾಗುವುದು ಆಗಲೇ.

ರಥಬೀದಿಗೆ ಬೆಳಿಗ್ಗೆ ಬೇಗ ಹೋದೆವು. ಒಂಬತ್ತು ರಂಧ್ರಗಳ ಕಿಂಡಿಯಿಂದ ಕೃಷ್ಣನನ್ನು ನೋಡಿ, ಅಲ್ಲಿಂದ ಅನಂತೇಶ್ವರಕ್ಕೆ ಬಂದು ಕೂತೆವು. ಮಧ್ವಾಚಾರ್ಯರು ಪಾಠ ಹೇಳುತ್ತಾ ಹೇಳುತ್ತಾ ಅದೃಶ್ಯರಾದರು ಅಂತ ನಂಬುವ ಜಾಗ ಅದು. ಕೃಷ್ಣ ಮಠದ ನೂಕುನುಗ್ಗಲು ಅಲ್ಲಿಲ್ಲ. ನನಗೆ ಉಡುಪಿಯಲ್ಲಿ ಅತಿ ಇಷ್ಟದ ದೇವಸ್ಥಾನ, ನಂಬಿಕೆ ಇರಲಿ ಬಿಡಲಿ.

ಮಧ್ವರ ಬಗ್ಗೆ ನನಗೆ ಗೌರವ ಇರುವುದು ಒಂದು ಕಾರಣಕ್ಕೆ. ಅವರು ಸನ್ಯಾಸ ತೆಗೆದುಕೊಂಡದ್ದು ಅಚ್ಯುತಪ್ರೇಕ್ಷರಿಂದ. ಆ ಗುರು ಹೇಳಿಕೊಟ್ಟದ್ದು ಅದ್ವೈತ. ಪಾಠ ಶುರುವಾದ ಗ್ರಂಥದ ಮೊದಲ ಶ್ಲೋಕದಲ್ಲೇ ಶಿಷ್ಯ 32 ದೋಷ ತೋರಿಸಿದರು ಅನ್ನುವ ಕಥೆ ಇದೆ. ಸಂಖ್ಯೆ ಹೇಗೇ ಇರಲಿ, ಹದಿಮೂರನೇ ಶತಮಾನದಲ್ಲಿ ಒಬ್ಬ ಹುಡುಗ ಗುರುವಿನ ಎದುರು ಕೂತು "ಇದು ಸರಿಯಿಲ್ಲ" ಅಂದ. ಗುರು ಹೊರಗೆ ಹಾಕಲಿಲ್ಲ. ಕೊನೆಗೆ ಗುರುವೇ ಶಿಷ್ಯನ ಮತಕ್ಕೆ ಬಂದರು. ಅದ್ವೈತದವರ ಮನೆಯಲ್ಲಿ ಹುಟ್ಟಿದ ನನಗೆ ಇದನ್ನು ಭಾವ ಹೇಳುವಾಗ ಅವರ ಮುಖದಲ್ಲಿ ಸಣ್ಣ ಗೆಲುವಿನ ನಗು ಇರುತ್ತದೆ. ಇರಲಿ ಬಿಡಿ.

"ಈಗ ಪ್ರಶ್ನೆಗೆ ಬನ್ನಿ" ಅಂದೆ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಧ್ವರ ಪ್ರಕಾರ ಜೀವರಲ್ಲಿ ಮೂರು ಬಗೆ. ಮುಕ್ತಿಗೆ ಯೋಗ್ಯರು, ಯಾವತ್ತೂ ಸಂಸಾರದಲ್ಲೇ ಸುತ್ತುವವರು, ಮತ್ತು ಕೊನೆಯಿಲ್ಲದ ಕತ್ತಲಿಗೆ ಹೋಗುವ ತಮೋಯೋಗ್ಯರು. ಇದು ಜೀವದ ಸ್ವಭಾವ, ಬದಲಾಗುವುದಿಲ್ಲ. ನಮ್ಮ ದೇಶದ ವೇದಾಂತಗಳಲ್ಲಿ ಬೇರೆ ಯಾರೂ ಇಷ್ಟು ಕಡ್ಡಿ ಮುರಿದಂತೆ ಹೇಳಿಲ್ಲ. ಶಾಶ್ವತ ನರಕದ ಮಾತು ನೋಡಿ, ಮಧ್ವರ ಮೇಲೆ ಕ್ರೈಸ್ತರ ಪ್ರಭಾವ ಇದ್ದಿರಬೇಕು ಅಂತ ಕೆಲವು ಪಾಶ್ಚಾತ್ಯ ವಿದ್ವಾಂಸರು ಊಹೆ ಮಾಡಿದ್ದರು. ಅದಕ್ಕೆ ಗಟ್ಟಿ ಪುರಾವೆ ಇಲ್ಲ.

"ಹಾಗಾದರೆ ಭಾವ, ನಾನು ಯಾವ ಬಗೆ?"

"ನೀವಾ? ನೀವು ನಮ್ಮ ಭಾವ, ಅಷ್ಟೇ. ಯಾರು ಯಾವ ಬಗೆ ಅಂತ ಹೇಳಲಿಕ್ಕೆ ನಮಗೆ ಅಧಿಕಾರ ಇಲ್ಲ ಮಾರಾಯ್ರೆ."

ಉತ್ತರ ತಪ್ಪಿಸಿದರು ಅಂತ ಅನ್ನಿಸಬಹುದು. ನನಗೆ ಹಾಗೆ ಅನ್ನಿಸಲಿಲ್ಲ. ಸಿದ್ಧಾಂತ ಬಾಗಿಲು ಹಾಕಿದ ಕಡೆ ಮನುಷ್ಯ ಕಿಟಕಿ ತೆಗೆದಿಟ್ಟಿರುತ್ತಾನೆ. ಆದರೂ ಸಿದ್ಧಾಂತ ಸಿದ್ಧಾಂತವೇ. ಹುಟ್ಟಾ ಒಂದು ಜೀವಕ್ಕೆ ಕತ್ತಲೆ ಬರೆದಿದೆ ಅನ್ನುವುದನ್ನು ನಾನು ಒಪ್ಪಲಾರೆ ಅಂತ ಅವರಿಗೂ ಹೇಳಿದೆ.

ಅಲ್ಲಿಂದ ಕಾರ್ಕಳ. ಬೆಟ್ಟ ಹತ್ತುವಾಗ ಇಬ್ಬರಿಗೂ ಏದುಸಿರು. 42 ಅಡಿಯ ಬಾಹುಬಲಿ 1432ರಿಂದ ಅಲ್ಲಿ ನಿಂತಿದ್ದಾನೆ. ಅಣ್ಣನನ್ನು ಗೆದ್ದು, ಗೆದ್ದ ರಾಜ್ಯ ಬಿಟ್ಟು ಹೋದವನು. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಅವನಿಗಿಂತ ಎರಡೇ ವರ್ಷ ಹಿರಿದು, 1430ರದ್ದು. ಹೊರಗೆ ಬಿಸಿಲು ಸುಡುತ್ತಿತ್ತು, ಒಳಗೆ ಕಲ್ಲು ತಣ್ಣಗಿತ್ತು. ಕಂಬಗಳನ್ನು ನೋಡಲು ಅರ್ಧ ದಿನ ಬೇಕು. ಒಂದರಂತೆ ಇನ್ನೊಂದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಾವು ನೋಡಿದಷ್ಟಂತೂ ಹಾಗೇ ಇದ್ದವು.

ಜೈನರಿಗೆ ಲೋಕ ಸೃಷ್ಟಿ ಮಾಡಿದ ದೇವರಿಲ್ಲ. ತೀರ್ಥಂಕರರು ವರ ಕೊಡುವುದಿಲ್ಲ, ಶಾಪ ಹಾಕುವುದಿಲ್ಲ. ನಮಸ್ಕಾರ ಅವರ ಗುಣ ನಮಗೂ ಬರಲಿ ಅಂತ, ಅಷ್ಟೇ. ದೇವರಿಲ್ಲದೆಯೂ ಇಷ್ಟು ದೊಡ್ಡ ದೇವಾಲಯ ಕಟ್ಟಬಹುದು ಅನ್ನುವುದು ನನ್ನಂಥವನಿಗೆ ಖುಷಿಯ ವಿಷಯ. ಆದರೆ ಬೇಡಿಕೊಳ್ಳದೆ ಬದುಕುವುದು ಜನರಿಗೆ ಕಷ್ಟ. ಅದಕ್ಕೇ ಪದ್ಮಾವತಿ ಯಕ್ಷಿ ಇದ್ದಾಳೆ, ಮದುವೆ, ಮಕ್ಕಳು, ಸಾಲ ಎಲ್ಲ ಅವಳ ಹತ್ತಿರ.

ಒಂದೇ ವಸ್ತುವಿಗೆ ಹಲವು ಮುಖ, ಒಬ್ಬರ ಮಾತಿನಲ್ಲಿ ಪೂರ್ತಿ ಸತ್ಯ ಇರುವುದಿಲ್ಲ ಅನ್ನುವ ಅನೇಕಾಂತವಾದವೂ ಜೈನರದ್ದೇ. "ಹಾಗಾದರೆ ಇವರ ಹತ್ತಿರ ನಿಮ್ಮ ಪ್ರಶ್ನೆಗೆ ಒಳ್ಳೆಯ ಉತ್ತರ ಉಂಟು" ಅಂದರು ಭಾವ. ಇಲ್ಲ, ಅಷ್ಟು ಸುಲಭ ಅಲ್ಲ. ಅವರಲ್ಲೂ ಭವ್ಯ ಜೀವ, ಅಭವ್ಯ ಜೀವ ಅಂತ ಎರಡು ಬಗೆ. ಅಭವ್ಯನಿಗೆ ಮೋಕ್ಷ ಎಂದೂ ಇಲ್ಲ. ಇದನ್ನು ಹೇಳಿದ್ದೇ ತಡ, ಭಾವ ಬಸದಿಯ ಜಗಲಿಯಲ್ಲಿ ತೊಡೆ ತಟ್ಟಿ ನಕ್ಕರು. "ನೋಡಿದ್ರಾ! ನಮ್ಮ ಆಚಾರ್ಯರು ಒಬ್ಬರೇ ಅಲ್ಲ!"

ಕಿನ್ನಿಗೋಳಿ ದಾರಿಯಲ್ಲಿ ಮೂಲ್ಕಿಗೆ ಇಳಿದೆವು. ಬಪ್ಪನಾಡು ದುರ್ಗಾಪರಮೇಶ್ವರಿಯ ಕಥೆ ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಬಪ್ಪ ಬ್ಯಾರಿ ಅನ್ನುವ ಮುಸ್ಲಿಂ ವ್ಯಾಪಾರಿಯ ಹಡಗು ಶಾಂಭವಿ ನದಿಯಲ್ಲಿ ನಿಂತುಬಿಟ್ಟಿತು, ನೀರು ಕೆಂಪಾಯಿತು, ದೇವಿಯ ಅಪ್ಪಣೆಯಂತೆ ಅವನು ಗುಡಿ ಕಟ್ಟಿಸಿದ. ಜಾತ್ರೆಯಲ್ಲಿ ಇವತ್ತಿಗೂ ಅವನ ಮನೆತನಕ್ಕೆ ಪ್ರಸಾದ ಸಲ್ಲುತ್ತದೆ. ಬಪ್ಪ ದುರ್ಗೆಯ ಭಕ್ತನಾಗಿ ಮತ ಬಿಟ್ಟ ಅಂತ ಕಥೆ ಹೇಳುವುದಿಲ್ಲ. ಅವನು ಬ್ಯಾರಿಯಾಗಿಯೇ ಉಳಿದ. ಇವರ ದೇವರು ಬೇರೆ, ಅವನ ದೇವರು ಬೇರೆ, ಪ್ರಸಾದ ಕೊಡಲು ಅದು ಅಡ್ಡ ಬರಲಿಲ್ಲ. "ಎಲ್ಲ ಒಂದೇ" ಅಂತ ಮೊದಲು ಒಪ್ಪಿಕೊಂಡು ಆಮೇಲೆ ನೆರೆಹೊರೆ ಆಗಬೇಕಿಲ್ಲ. ಈಚೆಗೆ ಈ ಜಿಲ್ಲೆಗಳಲ್ಲಿ ಜಾತ್ರೆಯಲ್ಲಿ ಅಂಗಡಿ ಯಾರು ಹಾಕಬೇಕು ಅನ್ನುವುದೂ ಜಗಳವಾಗಿದೆ. ಕಥೆ ಹೇಳುವವರೇ ಕಥೆ ಮರೆತರೆ ಏನು ಮಾಡುವುದು.

ಗೋಳಿಬಜೆ, ಚಹಾ. ಮಂಗಳೂರು ಮುಟ್ಟುವಾಗ ಸಂಜೆ.

ಮರುದಿನ ಸಂತ ಅಲೋಶಿಯಸ್ ಚಾಪೆಲ್. ಒಳಗೆ ಕಾಲಿಟ್ಟರೆ ಕತ್ತು ತಾನಾಗಿ ಮೇಲೆ ಹೋಗುತ್ತದೆ. ಇಟಲಿಯಿಂದ ಬಂದ ಅಂತೋನಿಯೋ ಮೊಸ್ಕೇನಿ ಅನ್ನುವ ಜೆಸ್ವಿಟ್ ಕಲಾವಿದ 1899ರಿಂದ 1901ರವರೆಗೆ ಗೋಡೆ, ಚಾವಣಿ ಒಂದಿಂಚು ಬಿಡದಂತೆ ಚಿತ್ರ ಬರೆದ. ಅಲೋಶಿಯಸ್ ಗೊನ್ಜಾಗ ದೊಡ್ಡ ಮನೆತನದ ವಾರಸುದಾರ. ಎಲ್ಲವನ್ನೂ ತಮ್ಮನಿಗೆ ಬಿಟ್ಟು ಸನ್ಯಾಸಿಯಾದ. ರೋಮ್‌ನಲ್ಲಿ ಪ್ಲೇಗ್ ಬಂದಾಗ ರೋಗಿಗಳ ಸೇವೆ ಮಾಡುತ್ತಾ 1591ರಲ್ಲಿ, 23ನೇ ವಯಸ್ಸಿಗೆ ಸತ್ತ. ನನಗೆ ಕಾರ್ಕಳದ ಬೆಟ್ಟ ನೆನಪಾಯಿತು. ಇಬ್ಬರೂ ರಾಜ್ಯ ಬಿಟ್ಟವರು. ಒಬ್ಬ ಕಾಲಿಗೆ ಬಳ್ಳಿ ಹಬ್ಬುವವರೆಗೆ ಅಲುಗಾಡದೆ ನಿಂತ. ಇನ್ನೊಬ್ಬ ರೋಗಿಗಳನ್ನು ಹೊತ್ತುಕೊಂಡು ಓಡಾಡಿದ. ಬಿಟ್ಟದ್ದು ಒಂದೇ ಬಗೆ, ಬಿಟ್ಟ ಮೇಲೆ ಮಾಡಿದ್ದು ಪೂರ್ತಿ ಬೇರೆ. ನನಗೆ ಎರಡನೆಯವನೇ ಹತ್ತಿರ.

ಹೊರಗಿನವನ ವಿಷಯದಲ್ಲಿ ಕಥೋಲಿಕ ಸಭೆಯ ಇತಿಹಾಸ ನೋಡಬೇಕು. ಸಭೆಯ ಹೊರಗೆ ರಕ್ಷಣೆ ಇಲ್ಲ ಅಂತ ನೂರಾರು ವರ್ಷ ಹೇಳಿತು. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ ಮಾತಿನ ಧಾಟಿ ಬದಲಾಯಿತು. ತನ್ನ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದವನೂ ಮನಸ್ಸಾಕ್ಷಿಯಂತೆ ನಡೆದರೆ ರಕ್ಷಣೆ ಹೊಂದಬಹುದು ಅಂದಿತು. ಶಾಶ್ವತ ಸತ್ಯ ಹೇಗೆ ಬದಲಾಗುತ್ತದೆ ಅಂತ ನಾಸ್ತಿಕ ನಗಬಹುದು. ನಾನು ನಗುವುದಿಲ್ಲ. ಅಷ್ಟು ಹಳೆಯ ಸಂಸ್ಥೆ ತನ್ನ ಮಾತನ್ನು ಮತ್ತೆ ತೂಗಿ ನೋಡಿತು ಅನ್ನುವುದೇ ದೊಡ್ಡದು.

ಬಲ್ಮಠದ ಕಡೆ ನಡೆದು ಹೋದೆವು. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಕನ್ನಡದ ಮೊದಲ ಪತ್ರಿಕೆ, ಹೆಂಚಿನ ಕಾರ್ಖಾನೆ, ಕಿಟ್ಟೆಲ್ ನಿಘಂಟು ಎಲ್ಲ ಇವರ ಕೊಡುಗೆ, ಅದು ಎಲ್ಲರಿಗೂ ಗೊತ್ತು. ನನಗೆ ಕುತೂಹಲ ಇದ್ದದ್ದು ಆನಂದರಾವ್ ಕೌಂಡಿನ್ಯರ ಬಗ್ಗೆ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಹುಡುಗ, ಮಿಷನ್ ಶಾಲೆಯಲ್ಲಿ ಓದಿದವರು. 1844ರಲ್ಲಿ ಕ್ರೈಸ್ತರಾದರು. ಆಮೇಲೆ ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ ಹಿಂದೆ ಬಂದರು. ಊರು ಕದಡಿತು. ಆ ಕಾಲದಲ್ಲಿ ಮತ ಬಿಡುವುದು ಅಂದರೆ ಅಪ್ಪ, ಅಮ್ಮ, ಆಸ್ತಿ, ಊಟದ ಪಂಕ್ತಿ ಎಲ್ಲ ಬಿಡುವುದು. ನಾನು ಪೂಜೆ ಬಿಟ್ಟಾಗ ಅಮ್ಮ ನಾಲ್ಕು ದಿನ ಮುಖ ಊದಿಸಿಕೊಂಡಿದ್ದಳು, ಆಮೇಲೆ ದೋಸೆ ಹಾಕಿದಳು. ಧರ್ಮಗಳನ್ನು ಹೋಲಿಸಿ ನೋಡುವುದು ನಮಗೆಲ್ಲ ಈಗ ಎಷ್ಟು ಅಗ್ಗ!

ಭಾವ ಅಷ್ಟು ಮೆಚ್ಚಲಿಲ್ಲ. "ಬಿಟ್ಟವರದ್ದು ಮಾತ್ರ ಸತ್ಯದ ಹುಡುಕಾಟ, ಉಳಿದವರದ್ದು ಅಭ್ಯಾಸ ಅಂತಲಾ? ನಾನೂ ಯೋಚನೆ ಮಾಡಿಯೇ ಉಳಿದದ್ದು." ಈ ಮಾತು ನ್ಯಾಯವಾದದ್ದು.

ಬಂದರಿನ ಜೀನತ್ ಬಕ್ಷ್ ಮಸೀದಿಗೆ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಹೋದೆವು. ಏಳನೇ ಶತಮಾನದ್ದು ಅಂತ ನಂಬಿಕೆ. ಟಿಪ್ಪು ಸುಲ್ತಾನ್ ಕಾಲದಲ್ಲಿ ದುರಸ್ತಿಯಾಯಿತು. ಮರದ ಕಂಬಗಳ ಕೆತ್ತನೆ ನೋಡಿದರೆ ತುಳುನಾಡಿನ ಗುತ್ತಿನ ಮನೆಗಳ, ಅಂದರೆ ಹಳೆಯ ದೊಡ್ಡ ಮನೆತನಗಳ ಮನೆಗಳ, ಚಾವಡಿ ನೆನಪಾಗುತ್ತದೆ. ಬೆಳಿಗ್ಗೆ ಚಾಪೆಲ್‌ನಲ್ಲಿ ಚಿತ್ರವಿಲ್ಲದ ಜಾಗ ಇರಲಿಲ್ಲ. ಇಲ್ಲಿ ಒಂದು ಚಿತ್ರವೂ ಇಲ್ಲ. ದೇವರನ್ನು ಚಿತ್ರಿಸಬಹುದಾ ಅನ್ನುವಲ್ಲಿ ಈ ಎರಡು ಕಟ್ಟಡಗಳ ಉತ್ತರ ಬೇರೆ ಬೇರೆ. ಕಣ್ಣಿಗೇ ಕಾಣುತ್ತದೆ.

ಜಗಲಿಯಲ್ಲಿ ಕೂತಿದ್ದ ಒಬ್ಬ ಹಿರಿಯರನ್ನು ನನ್ನ ಪ್ರಶ್ನೆ ಕೇಳಿದೆ. ಭಾವ ತುಳುವಿನಲ್ಲಿ ಇನ್ನಷ್ಟು ವಿವರಿಸಿದರು. ಅವರು ಕುರಾನಿನ ಒಂದು ಸಾಲಿನ ಅರ್ಥ ಹೇಳಿದರು: ನಿಮ್ಮ ಧರ್ಮ ನಿಮಗೆ, ನನ್ನ ಧರ್ಮ ನನಗೆ. "ಹಾಗಾದರೆ ನನಗೆ ಸ್ವರ್ಗ ಇದೆಯಾ?" ಅಂತ ಬಿಡದೆ ಕೇಳಿದೆ. "ತೀರ್ಪು ಕೊಡುವವನು ಅಲ್ಲಾಹು. ನಾನು ತೀರ್ಪು ಕೊಟ್ಟರೆ ನನಗೇ ಸ್ವರ್ಗ ಸಿಗಲಿಕ್ಕಿಲ್ಲ" ಅಂದು ನಕ್ಕರು. ಅನಂತೇಶ್ವರದಲ್ಲಿ ಭಾವ ಹೇಳಿದ್ದೂ ಹೆಚ್ಚುಕಡಿಮೆ ಇದೇ ಅಲ್ವಾ? ಆದರೆ ಇಬ್ಬರ ಗ್ರಂಥಗಳು ಒಂದೇ ಹೇಳುವುದಿಲ್ಲ. ಇಬ್ಬರು ಸಜ್ಜನರು ಒಂದೇ ಕಡೆ ನಾಲಿಗೆ ಹಿಡಿದರು, ಅಷ್ಟೇ.

ಕೊನೆಗೆ ಕದ್ರಿ. ಮಂಜುನಾಥನ ದೇವಸ್ಥಾನದಲ್ಲಿ ಎಲ್ಲರೂ ನೋಡಲೇಬೇಕಾದದ್ದು ಲೋಕೇಶ್ವರನ ಕಂಚಿನ ಮೂರ್ತಿ. ಮೂರು ಮುಖ, ಆರು ಕೈ. ಪೀಠದ ಶಾಸನದಲ್ಲಿ ಆಳುಪ ಅರಸ ಕುಂದವರ್ಮ ಇದನ್ನು ಕದಿರಿಕಾ ವಿಹಾರದಲ್ಲಿ ಸ್ಥಾಪಿಸಿದ ಅಂತ ಇದೆ. ಕಾಲ 968. ವಿಹಾರ ಅಂದಮೇಲೆ ಬೌದ್ಧರದ್ದೇ ಇರಬೇಕು, ಇದು ಅವಲೋಕಿತೇಶ್ವರ ಅನ್ನುವುದು ಅನೇಕ ವಿದ್ವಾಂಸರ ಅಭಿಪ್ರಾಯ. ಆಮೇಲೆ ಇಲ್ಲಿ ನಾಥ ಪಂಥದ ಯೋಗಿಗಳು ಬೆಳೆದರು, ಜೋಗಿ ಮಠ ಮೇಲೇ ಇದೆ. ಈಗ ಶಿವನ ಪೂಜೆ. ಮೂರು ಮುಖ ನೋಡಿ ಭಾವ ಇಷ್ಟು ವರ್ಷ ಇವನನ್ನು ಬ್ರಹ್ಮ ಅಂದುಕೊಂಡು ಕೈ ಮುಗಿದಿದ್ದರಂತೆ.

ಅವಲೋಕಿತೇಶ್ವರ ಬೋಧಿಸತ್ವ. ಮಹಾಯಾನ ಪಂಥದ ಬೌದ್ಧರ ಪ್ರಕಾರ ಅವನಿಗೆ ನಿರ್ವಾಣ ಕೈಗೆಟುಕುವಷ್ಟು ಹತ್ತಿರ. ಆದರೂ ಕೊನೆಯ ಜೀವ ದಾಟುವ ತನಕ ತಾನು ದಾಟುವುದಿಲ್ಲ ಅಂತ ನಿಂತವನು. ನನ್ನ ಪ್ರಶ್ನೆಗೆ ಇಡೀ ದಾರಿಯಲ್ಲಿ ಸಿಕ್ಕ ನೇರ ಉತ್ತರ ಇದು. ಹೊರಗಿನವನು ಅಂತ ಯಾರೂ ಇಲ್ಲ. ಇದು ನಿಜ ಅಂತ ನಾನು ನಂಬುತ್ತೇನಾ? ಇಲ್ಲ. ಯಾವುದೋ ಒಂದು ನಿಜವಾಗಲಿ ಅಂತ ಆರಿಸುವ ಅವಕಾಶ ಕೊಟ್ಟರೆ ಇದನ್ನೇ ಆರಿಸುತ್ತಿದ್ದೆ. ಆದರೆ ಇಷ್ಟವಾಯಿತು ಅನ್ನುವುದು ಪುರಾವೆ ಅಲ್ಲ.

ಭಾವನಿಗೆ ಇದನ್ನೆಲ್ಲ ಹೇಳಿದೆ. ಅವರು ಮೂರ್ತಿಯನ್ನು ಮತ್ತೊಮ್ಮೆ ದಿಟ್ಟಿಸಿದರು. "ಎಲ್ಲರೂ ದಾಟುವ ತನಕ ಕಾಯುವುದಾ? ನೀವೊಬ್ಬರು ಸಾಕು ಮಾರಾಯ್ರೆ ಇವನನ್ನು ಇಲ್ಲೇ ಕೂರಿಸಲಿಕ್ಕೆ!"

"ನನ್ನದು ಬಿಡಿ ಭಾವ. ನಿಮ್ಮ ತಮೋಯೋಗ್ಯರು ಎಂದೂ ದಾಟುವುದಿಲ್ಲ ಅಲ್ವಾ? ನಿಮ್ಮ ಆಚಾರ್ಯರು ಸರಿ ಇದ್ದರೆ ಇವನಿಗೆ ಬಿಡುಗಡೆಯೇ ಇಲ್ಲ. ಇವನು ಸರಿ ಇದ್ದರೆ ನಿಮ್ಮ ಆಚಾರ್ಯರು ತಪ್ಪು. ಯಾವುದಾದರೂ ಒಂದು ಹೇಳಿ."

ಸುರತ್ಕಲ್ ದಾಟಿತು, ಪಡುಬಿದ್ರಿ ದಾಟಿತು, ಅದೇ ವಾದ. ಕಾಪುವಿನ ಹತ್ತಿರ ಕಾರು ನಿಧಾನ ಮಾಡಿ ಭಾವ ಹೇಳಿದರು: "ನನಗೆ ಗೊತ್ತಾಗುವುದಿಲ್ಲ. ಮಠದಲ್ಲಿ ಶಾಸ್ತ್ರ ಓದಿದವರು ಒಬ್ಬರು ಉಂಟು. ನಾಳೆ ಅವರನ್ನೇ ಕೇಳುವ, ನೀವೂ ಬನ್ನಿ. ಆದರೆ ನಾಳೆ ಏಕಾದಶಿ, ಅಲ್ಲಿ ಊಟ ಇಲ್ಲ. ನಿಮಗೆ ತಂಗಿ ಹತ್ತಿರ ಹೇಳಿ ಏನಾದರೂ ಮಾಡಿಸುವ."