ಒಂದೇ ಬದುವಿಗೆ ಎರಡು ಬೆಲೆ

ಬೀದರ್‌ಗೆ ಬಂದವರು ಕೋಟೆ ನೋಡಿ, ಗುರುದ್ವಾರದ ಲಂಗರ್‌ನಲ್ಲಿ ಉಂಡು ಹೊರಡುತ್ತಾರೆ. ನನ್ನ ಲೆಕ್ಕವೂ ಅಷ್ಟೇ ಇತ್ತು. ಆದರೆ ಬೀದರ್ ನಗರ ಕುಡಿಯುವುದು ಕಾರಂಜಾ ಜಲಾಶಯದ ನೀರನ್ನು. ಆ ಜಲಾಶಯಕ್ಕೆ ಹೊಲ ಕೊಟ್ಟವರು 2022ರಲ್ಲಿ ಇದೇ ಊರಿನ ಜಿಲ್ಲಾಧಿಕಾರಿ ಕಚೇರಿ ಎದುರು ಧರಣಿ ಕುಳಿತರೆಂದು ಓದಿದ್ದೆ. ಮರುದಿನ ಗೆಳೆಯನ ಬೈಕ್ ಹತ್ತಿ ಜಲಾಶಯದ ಒಡ್ಡಿರುವ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯತ್ತ ಹೊರಟೆ.

ದಾರಿಯ ಅರ್ಧವನ್ನು ಕಬ್ಬಿನ ಟ್ರ್ಯಾಕ್ಟರ್‌ಗಳ ಹಿಂದೆ ತೆವಳಿಯೇ ಕಳೆದೆವು.

ಕಾರಂಜಾ ಮಾಂಜ್ರಾದ ಉಪನದಿ. ಜಲಾಶಯದ ಸಾಮರ್ಥ್ಯ 7.69 ಟಿಎಂಸಿ ಅಡಿ. 123 ಟಿಎಂಸಿ ಅಡಿಯ ಆಲಮಟ್ಟಿ ಕಂಡ ಕಣ್ಣಿಗೆ ಇದೊಂದು ದೊಡ್ಡ ಕೆರೆ. ಒಡ್ಡಿನ ಕೆಳಗೆ ಎಮ್ಮೆ ಮೇಯಿಸುತ್ತಿದ್ದ ಮುದುಕರೊಬ್ಬರು, "ಸರ್ವೆಯವರೇ?" ಎಂದು ಕೇಳಿದರು. ಅಲ್ಲವೆಂದ ಮೇಲೆ ಮಾತಿಗೆ ಕುಳಿತರು.

ನೀರಿನಡಿ ಅವರದೂ ಅವರ ಅಣ್ಣನದೂ ಹೊಲಗಳಿದ್ದವು, ನಡುವೆ ಒಂದೇ ಬದು. ಇಬ್ಬರಿಗೂ ಒಂದೇ ದರ ಕಟ್ಟಿದರು. ಅಣ್ಣ ವಕೀಲರನ್ನು ಹಿಡಿದು ಕೋರ್ಟಿಗೆ ಹೋದರು, ಹೆಚ್ಚಿನ ಪರಿಹಾರ ಬಂತು. ಇವರು ಹೆಬ್ಬೆಟ್ಟು ಒತ್ತಿ, ಕೊಟ್ಟಷ್ಟನ್ನು ಎಣಿಸಿಕೊಂಡು ಮನೆಗೆ ಬಂದರು.

2013ರವರೆಗೆ ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯ್ದೆಯ ಸ್ವಭಾವವೇ ಅದು. ದರ ಒಪ್ಪದವನು ಕಲಂ 18ರಡಿ ಅರ್ಜಿ ಕೊಡಬೇಕಿತ್ತು, ಅದೂ ಗಡುವಿನೊಳಗೆ. 1984ರಲ್ಲಿ ಕಲಂ 28ಎ ಸೇರಿತು: ಅದೇ ಅಧಿಸೂಚನೆಯ ಪಕ್ಕದ ಹೊಲದವನಿಗೆ ಕೋರ್ಟ್ ಹೆಚ್ಚಿಸಿಕೊಟ್ಟರೆ, ಸುಮ್ಮನಿದ್ದವನೂ ಮೂರು ತಿಂಗಳೊಳಗೆ ಅಷ್ಟನ್ನೇ ಕೇಳಬಹುದಿತ್ತು. ಕೇಳಬಹುದೆಂದು ಅವನಿಗೆ ಹೇಳುವವರು ಯಾರಿದ್ದರು? ಎಲ್ಲರಿಗೂ ಒಂದೇ ದರ ಕೊಡಿ ಎಂಬ, ಧರಣಿ ಕುಳಿತ ಸಂತ್ರಸ್ತರ ಬೇಡಿಕೆಯ ಬೇರು ಇಲ್ಲಿದೆ. ಮುಗಿದ ಕಡತಗಳನ್ನು ತೆರೆದರೆ ಉಳಿದ ಯೋಜನೆಗಳವರೂ ಸಾಲು ನಿಲ್ಲುತ್ತಾರೆಂಬ ಸರ್ಕಾರದ ಅಂಜಿಕೆ ನನಗೆ ಅರ್ಥವಾಗುತ್ತದೆ. ಆದರೂ ಒಪ್ಪಲಾರೆ, ಗಡುವು ತಪ್ಪಿತೆಂದು ಮಣ್ಣಿನ ಬೆಲೆ ಇಳಿಯುವುದಿಲ್ಲ.

"ಅಣ್ಣನ ಮೇಲೆ ಸಿಟ್ಟಿದೆಯೇ?" ಎಂದೆ. ಕೇಳಬಾರದಿತ್ತು.

"ಅವನು ಹೋಗಿ ಹತ್ತು ವರ್ಷವಾಯಿತು" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಮಾತು ಬಿಟ್ಟಿದ್ದೆವು" ಎಂದು ತಾವೇ ಸೇರಿಸಿದರು.

ಅಷ್ಟರಲ್ಲಿ ಎಮ್ಮೆ ನೀರಿಗಿಳಿದು ಮೂಗಿನವರೆಗೆ ಮುಳುಗಿತು. ಮುದುಕರು ಕೋಲು ಹಿಡಿದು ಎದ್ದರು. "ಮತ್ತೆ ನಮ್ಮ ಹೊಲ ಹೊಕ್ಕಿತು ನೋಡಿ" ಎನ್ನುತ್ತ ದಡಕ್ಕಿಳಿದರು.