ಕಡಲಿಗೆ ಮುಖ ಮಾಡಿ ನಿಂತವಳು ಬುದ್ಧನೇ?

ವಿಯೆಟ್ನಾಂ ಪ್ರವಾಸ ಮುಗಿಸಿ ಬಂದವರ ಮೊಬೈಲಿನಲ್ಲಿ ಒಂದು ಚಿತ್ರ ಇದ್ದೇ ಇರುತ್ತದೆ: ಡಾ ನಾಂಗ್ ನಗರದ ಅಂಚಿನ ಸನ್ ತ್ರಾ ಗುಡ್ಡದ ಮೇಲೆ ಕಡಲಿಗೆ ಮುಖ ಮಾಡಿ ನಿಂತ ಬೆಳ್ಳನೆಯ ಮಹಾಮೂರ್ತಿ. ನನ್ನ ಬಳಿಯೂ ಇದೆ. ನೋಡಿದವರೆಲ್ಲ ಕೇಳುವ ಪ್ರಶ್ನೆಯೂ ಒಂದೇ: ‘ಇದು ಬುದ್ಧನೋ, ದೇವಿಯೋ? ಬುದ್ಧ ಹೆಣ್ಣಾದದ್ದು ಯಾವಾಗ?’

ಬುದ್ಧ ಹೆಣ್ಣಾಗಲಿಲ್ಲ. ‘ಲೇಡಿ ಬುದ್ಧ’ ಎಂಬುದು ಪ್ರವಾಸಿಗರಿಗಾಗಿ ಚಾಲ್ತಿಗೆ ಬಂದ ಹೆಸರು. ಗೊಂದಲಕ್ಕೆಲ್ಲ ಅದೇ ಮೂಲ. ಅಲ್ಲಿನ ಜನರಿಗೆ ಆಕೆ ಕ್ವಾನ್ ಆಮ್, ಅಂದರೆ ನಮ್ಮ ಅವಲೋಕಿತೇಶ್ವರ ಬೋಧಿಸತ್ವ. ಬೋಧಿಸತ್ವ ಎಂದರೆ ಬುದ್ಧನಾಗುವ ಹಾದಿಯಲ್ಲಿದ್ದು ಲೋಕದ ನೋವಿಗೆ ಮಿಡಿಯುವವನು. ಮೂರ್ತಿಯ ಕಿರೀಟವನ್ನು ದಿಟ್ಟಿಸಿದರೆ ಅಲ್ಲೊಂದು ಪುಟ್ಟ ಬುದ್ಧವಿಗ್ರಹ ಕಾಣುತ್ತದೆ. ಪುಟ್ಟದೆಂದು ಕಾಣುವುದು ಕೆಳಗಿನಿಂದ. ಅದರ ಎತ್ತರವೇ 2 ಮೀಟರ್. ಅದು ಅಮಿತಾಭ, ಮಹಾಯಾನ ಬೌದ್ಧರು ಪೂಜಿಸುವ ಇನ್ನೊಬ್ಬ ಬುದ್ಧ. ತಲೆಯ ಮೇಲೆ ಅಮಿತಾಭನನ್ನು ಹೊತ್ತವರು ಅವಲೋಕಿತೇಶ್ವರ ಎಂಬುದು ಶಿಲ್ಪಿಗಳ ಹಳೆಯ ಗುರುತು.

ಹೆಣ್ಣುರೂಪ ಬಂದದ್ದು ಚೀನಾದಲ್ಲಿ. ಭಾರತದಿಂದ ಹೋಗುವಾಗ ಆತ ಗಂಡು, ಕೆಲವು ಚಿತ್ರಗಳಲ್ಲಿ ಮೀಸೆಯೂ ಇದೆ. 406ರಲ್ಲಿ ಬೌದ್ಧ ಭಿಕ್ಷು ಕುಮಾರಜೀವ ಚೀನೀ ಭಾಷೆಗೆ ತಂದ ಸದ್ಧರ್ಮಪುಂಡರೀಕ ಸೂತ್ರ ಎಂಬ ಮಹಾಯಾನ ಗ್ರಂಥವು, ಯಾರಿಗೆ ಯಾವ ರೂಪ ಬೇಕೋ ಆ ರೂಪದಲ್ಲಿ ಈ ಬೋಧಿಸತ್ವ ಬರುತ್ತಾನೆ ಎಂದು ಹೇಳಿ ಮೂವತ್ತಮೂರು ರೂಪಗಳನ್ನು ಎಣಿಸುತ್ತದೆ. ಅವುಗಳಲ್ಲಿ ಸ್ತ್ರೀರೂಪಗಳೂ ಇವೆ. ಚೀನಾದ ಸುಂಗ್ ರಾಜರ ಕಾಲದ (10ರಿಂದ 13ನೆಯ ಶತಮಾನ) ಹೊತ್ತಿಗೆ ಆ ರೂಪವೇ ಜನರ ಮನಸ್ಸಿನಲ್ಲಿ ನೆಲೆಯೂರತೊಡಗಿತು, ವಿಯೆಟ್ನಾಮಿಗೂ ದಾಟಿತು.

ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸಿದ್ದು ಮೂರ್ತಿ ನಿಂತ ಜಾಗ. ಕಡಲನ್ನೇ ಏಕೆ ನೋಡಬೇಕು? ಅದೇ ಸೂತ್ರದಲ್ಲಿ ಉತ್ತರವಿದೆ. ಚಿನ್ನ, ಮುತ್ತು ಅರಸಿ ಹಡಗೇರಿದವರನ್ನು ಬಿರುಗಾಳಿ ರಾಕ್ಷಸರ ನಾಡಿಗೆ ತಳ್ಳಿದಾಗ ಅವರಲ್ಲಿ ಒಬ್ಬನಾದರೂ ಈ ಬೋಧಿಸತ್ವನ ಹೆಸರು ಕರೆದರೆ ಸಾಕು, ಎಲ್ಲರೂ ಪಾರು. ಇದು ಬರಿಯ ಪುರಾಣವಾಗಿ ಉಳಿಯಲಿಲ್ಲ. ಐದನೆಯ ಶತಮಾನದ ಆರಂಭದಲ್ಲಿ ಸಿಂಹಳದಿಂದ ಹಡಗಿನಲ್ಲಿ ಊರಿಗೆ ಹೊರಟ ಚೀನೀ ಯಾತ್ರಿಕ ಫಾಹಿಯಾನ್, ಬಿರುಗಾಳಿಗೆ ಸಿಕ್ಕಾಗ ಮೊರೆಯಿಟ್ಟದ್ದು ಅವಲೋಕಿತೇಶ್ವರನಿಗೇ. ಮುಂಬೈಯ ಕಾನ್ಹೇರಿಯಲ್ಲಿ, 90ನೆಯ ಗುಹೆಯ ಗೋಡೆಯ ಮೇಲೆ, ಆತ ಕಾಪಾಡುವ ಆಪತ್ತುಗಳ ಸಾಲಿನಲ್ಲಿ ಹಡಗು ಮುಳುಗುವುದನ್ನೂ ಕೆತ್ತಿದ್ದಾರೆ. ಡಾ ನಾಂಗ್ ಬೆಸ್ತರ ಊರು, ಚಂಡಮಾರುತಗಳ ಊರು. 2006ರಲ್ಲಿ ಷಾಂಗ್‌ಸಾನ್ ಚಂಡಮಾರುತ ಅಪ್ಪಳಿಸಿದಾಗ ಮೂರ್ತಿಯ ಕೆಲಸ ಇನ್ನೂ ನಡೆಯುತ್ತಿತ್ತು; ಪೂರ್ಣಗೊಂಡದ್ದು 2010ರಲ್ಲಿ. ಆಕೆ ನಿಂತ ಮೇಲೆ ಗಾಳಿಯ ಅಬ್ಬರ ತಗ್ಗಿದೆ ಎಂದು ಅಲ್ಲಿನವರು ನಂಬುತ್ತಾರೆ. ನಾನಂತೂ ಹವಾಮಾನ ಇಲಾಖೆಯ ಮಾತನ್ನೇ ನಂಬುವವನು. ಆದರೆ ದೋಣಿಯಲ್ಲಿ ಹೋಗುವವನು ನಾನಲ್ಲವಲ್ಲ.

ಎತ್ತರದ ಪ್ರಶ್ನೆಯನ್ನೂ ಮುಗಿಸಿಬಿಡೋಣ: 67 ಮೀಟರ್. ಮುರ್ಡೇಶ್ವರದ ಶಿವ ಸುಮಾರು 37.

ಹೋಗುವವರಿಗೆ ಒಂದಿಷ್ಟು. ಅದು ಲಿನ್ ಉಂಗ್ ಎಂಬ ಬೌದ್ಧ ದೇವಾಲಯದ ಆವರಣ. ಪ್ರವೇಶಕ್ಕೆ ಹಣ ಕೊಡಬೇಕಾಗಿಲ್ಲ, ಮೈ ಮುಚ್ಚುವ ಬಟ್ಟೆ ಇರಲಿ. ಇದೇ ಹೆಸರಿನ ಇನ್ನೆರಡು ದೇವಾಲಯಗಳು ಅಲ್ಲಿವೆ, ಅಮೃತಶಿಲೆಯ ಬೆಟ್ಟದಲ್ಲೊಂದು, ಬಾ ನಾ ಬೆಟ್ಟದಲ್ಲೊಂದು. ಟ್ಯಾಕ್ಸಿಯವರಿಗೆ ಸನ್ ತ್ರಾ ಎಂದು ಬಿಡಿಸಿ ಹೇಳಿ. ಮಧ್ಯಾಹ್ನ ಆವರಣದ ಕಲ್ಲು ಕಾಯುತ್ತದೆ, ಬೆಳಿಗ್ಗೆಯೇ ಹೋಗುವುದು ಮೇಲು. ಮೂರ್ತಿಗೆ ಬೆನ್ನು ಹಾಕಿ ಆಕೆ ನೋಡುವ ದಿಕ್ಕಿನಲ್ಲಿ ನೋಡಿ. ಕೊಲ್ಲಿ, ದೋಣಿಗಳು, ಆಚೆ ನಗರದ ಮರಳತೀರ ಎಲ್ಲವೂ ಒಟ್ಟಿಗೆ ಕಾಣುತ್ತವೆ. ಫೋಟೊ ತೆಗೆಯುವ ಗಡಿಬಿಡಿಯಲ್ಲಿ ಹೆಚ್ಚಿನವರು ಇದನ್ನೇ ಬಿಟ್ಟು ಬರುತ್ತಾರೆ.

ಅಷ್ಟು ದೂರ ಹೋಗಲಾಗದವರಿಗೆ ಮಂಗಳೂರಿನ ಕದ್ರಿ ಇದೆ. ಮಂಜುನಾಥ ದೇವಾಲಯದಲ್ಲಿ ಮೂರು ಮುಖ, ಆರು ಕೈಗಳ ಲೋಕೇಶ್ವರನ ಕಂಚಿನ ವಿಗ್ರಹವನ್ನು ನೋಡಿ. ಪೀಠದ ಶಾಸನದ ಪ್ರಕಾರ ಆಳುಪ ರಾಜ ಕುಂದವರ್ಮ ಅದನ್ನು ಕದರಿಕಾ ವಿಹಾರದಲ್ಲಿ ಸ್ಥಾಪಿಸಿದ್ದು ಕಲಿವರ್ಷ 4068ರಲ್ಲಿ, ಎಂದರೆ ಕ್ರಿ.ಶ. 968ರಲ್ಲಿ. ಲೋಕೇಶ್ವರ ಎಂದರೆ ಅವಲೋಕಿತೇಶ್ವರನೇ. ಬಂದರಿನ ಊರು, ಗುಡ್ಡದ ಮೇಲಿನ ವಿಹಾರ. ಡಾ ನಾಂಗ್‌ನಲ್ಲಿ ನಿಂತಾಗ ನನಗೆ ಕದ್ರಿಯೇ ನೆನಪಾಯಿತು. ನಮ್ಮವರಲ್ಲಿ ಹಲವರು ವಾರವಾರ ಕೈಮುಗಿದು ಬರುವ ವಿಗ್ರಹದ ಬಂಧುವನ್ನೇ ವಿದೇಶದಲ್ಲಿ ‘ಇದ್ಯಾವ ದೇವಿ?’ ಎಂದು ಕೇಳುತ್ತಾರೆ.

ವಿಯೆಟ್ನಾಮಿನ ಆ ಕರಾವಳಿಗೂ ಲೋಕೇಶ್ವರ ಹೊಸಬನಲ್ಲ. ಕದ್ರಿಗಿಂತ ಸುಮಾರು ನೂರು ವರ್ಷ ಮೊದಲು, 875ರಲ್ಲಿ, ಆ ಕರಾವಳಿಯನ್ನು ಆಳುತ್ತಿದ್ದ ಚಾಮ್ ಜನರ ಚಂಪಾ ರಾಜ್ಯದ ರಾಜ ಎರಡನೆಯ ಇಂದ್ರವರ್ಮ ಡೋಂಗ್ ಡುವಾಂಗ್‌ನಲ್ಲಿ ಲಕ್ಷ್ಮೀಂದ್ರ ಲೋಕೇಶ್ವರನಿಗೆಂದು ದೊಡ್ಡ ವಿಹಾರ ಕಟ್ಟಿಸಿದ್ದ. ಅಲ್ಲಿ 1978ರಲ್ಲಿ ಸಿಕ್ಕ ಹೆಣ್ಣುರೂಪದ ಕಂಚಿನ ವಿಗ್ರಹ ಈಗ ಡಾ ನಾಂಗ್‌ನ ಚಾಮ್ ಶಿಲ್ಪ ವಸ್ತುಸಂಗ್ರಹಾಲಯದಲ್ಲಿದೆ. ಅದು ಬೌದ್ಧ ದೇವಿ ತಾರೆಯೋ, ಲಕ್ಷ್ಮೀಂದ್ರ ಲೋಕೇಶ್ವರನೋ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ಹಾಗಾಗಿ ನನ್ನನ್ನು ಕೇಳಿದವರು ನಾಚಿಕೊಳ್ಳಬೇಕಾಗಿಲ್ಲ. ಬೆಳಿಗ್ಗೆ ಗುಡ್ಡ ಹತ್ತಿ ಇಳಿದು, ಬಿಸಿಲೇರುವ ಹೊತ್ತಿಗೆ ಆ ಸಂಗ್ರಹಾಲಯ ಸೇರಿಕೊಳ್ಳಿ.