ಬಿಲ್ಡ್ ಆದರೆ ಸಾಕಾ?

ನಮ್ಮ ಕಂಪನಿಯ ಡೇಟಾ ಕಾರ್ಡಿಗೆ ಒಂದು ಹಳೆ ಲಿನಕ್ಸ್ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್ ಇದೆ. 2.6 ಕರ್ನೆಲ್ (ಲಿನಕ್ಸಿನ ತಿರುಳು) ಕಾಲದಲ್ಲಿ ಯಾರೋ ಬರೆದದ್ದು, ಆಮೇಲೆ ಬಂದವರೆಲ್ಲ ಒಂದೊಂದು ತೇಪೆ ಹಾಕಿದ್ದಾರೆ. ಈಗ ಅದು ಉಬುಂಟು 24.04ರಲ್ಲಿ, ಅಂದರೆ 6.8 ಕರ್ನೆಲ್‌ನಲ್ಲಿ ಓಡಬೇಕು. ಮೇಕ್ ಕೊಟ್ಟರೆ, ಅಂದರೆ ಕೋಡನ್ನು ಬಿಲ್ಡ್ ಮಾಡಹೊರಟರೆ, ಮೆಮೊರಿಯನ್ನು ಪ್ರೋಗ್ರಾಮುಗಳಿಗೆ ತೆರೆದುಕೊಡುವ ಎಂಮ್ಯಾಪ್ ಫಂಕ್ಷನ್ನಿನ ಒಂದು ಸಾಲಿಗೆ ಬಂದು ನಿಂತಿತು. ವಿಎಂ_ಫ್ಲ್ಯಾಗ್ಸ್ (ಆ ಮೆಮೊರಿಯನ್ನು ಏನೇನು ಮಾಡಬಹುದು ಅಂತ ಹೇಳುವ ಗುರುತುಗಳು) ಓದಲಿಕ್ಕೆ ಮಾತ್ರ, ಬರೆಯುವ ಹಾಗಿಲ್ಲ ಅಂತ ಕಂಪೈಲರ್ ತಕರಾರು.

ಇದಕ್ಕೆ ಸುಲಭದ ಮದ್ದು ಇದೆ. ಹಳೆ ಸಾಲು ತೆಗೆದು ವಿಎಂ_ಫ್ಲ್ಯಾಗ್ಸ್_ಸೆಟ್ ಅಂತ ಬರೆದರೆ ಬಿಲ್ಡ್ ಆಗುತ್ತದೆ. ಪಯ್ಯನ್ನೂರಿನ ಸಹೋದ್ಯೋಗಿ ಫೋನಿನಲ್ಲಿ ಹೇಳಿದ್ದೂ ಅದನ್ನೇ. "ಬಿಲ್ಡ್ ಆಯ್ತಲ್ಲ ಮಾಷೆ, ಇನ್ನೆಂತ?" ಅವನ ಅವಸರ ನನಗೆ ಅರ್ಥ ಆಗುತ್ತದೆ. ಆದರೆ ಕರ್ನೆಲ್‌ನವರು ಸುಮ್ನೆ ತೊಂದರೆ ಕೊಡಲಿಕ್ಕೆ ಇದನ್ನು ಮಾಡಿದ್ದಲ್ಲ. 2023ರ 6.3ರಲ್ಲಿ ಈ ಬದಲಾವಣೆ ಬಂತು. ಅದರ ಬೆನ್ನಿಗೇ 6.4ರಲ್ಲಿ ಒಂದೊಂದು ಮೆಮೊರಿ ತುಂಡಿಗೂ ಪ್ರತ್ಯೇಕ ಲಾಕ್ (ಒಬ್ಬರು ಬದಲಿಸುವಾಗ ಇನ್ನೊಬ್ಬರನ್ನು ತಡೆಯುವ ಬೀಗ) ಬಂತು. ಪೇಜ್ ಫಾಲ್ಟ್ ಆದಾಗ, ಅಂದರೆ ಪ್ರೋಗ್ರಾಂ ಮುಟ್ಟಿದ ಮೆಮೊರಿ ಇನ್ನೂ ಸಿದ್ಧ ಇಲ್ಲದಾಗ, ಇಡೀ ಪ್ರೋಸೆಸ್ಸಿನ ಮೆಮೊರಿಗೆ ಲಾಕ್ ಹಾಕುವ ಬದಲು ಆ ತುಂಡಿಗೆ ಮಾತ್ರ ಹಾಕಿದರೆ ಸಾಕು. ಹಾಗಿರುವಾಗ ಯಾವುದೋ ಡ್ರೈವರ್ ಲಾಕ್ ಇಲ್ಲದೆ ಫ್ಲ್ಯಾಗ್ ಬದಲಿಸಿದರೆ ಗತಿಯೇನು? ಅದಕ್ಕೇ ಈ ಹೊಸ ಫಂಕ್ಷನ್‌ಗಳು. ಮೊದಲು ಲಾಕ್ ಹಿಡಿದು ಆಮೇಲೆ ಬರೆಯುತ್ತವೆ.

ಹೇಗೂ ಆ ಸಾಲಿಗೆ ಕೈ ಹಾಕಬೇಕು. ಹಾಕುವಾಗ ಅದರಲ್ಲಿರುವ ಫ್ಲ್ಯಾಗ್ ಪ್ರತಿಯೊಂದೂ ಅಲ್ಲಿ ಯಾಕಿದೆ ಅಂತ ಕೇಳಿಕೊಳ್ಳಬೇಕು ಅಂತ ನನ್ನ ಹಟ.

ನೋಡಿದರೆ ಅಲ್ಲಿದ್ದದ್ದು ವಿಎಂ_ಐಒ ಮತ್ತು ವಿಎಂ_ರಿಸರ್ವ್ಡ್. ಎರಡನೆಯದು 2012ರಲ್ಲೇ, 3.7 ಕರ್ನೆಲ್ ಬರುವಾಗಲೇ ಹೋಗಿದೆ. ಯಾರೋ ಹೆಡರ್ ಫೈಲಿನಲ್ಲಿ ಅದೇ ಹೆಸರನ್ನು ಮತ್ತೆ ಡಿಫೈನ್ ಮಾಡಿ ಬದುಕಿಸಿಟ್ಟಿದ್ದರು! ಎರಡೂ ಬೇಡವೇ ಬೇಡ. ಕೆಳಗೆ ಮೆಮೊರಿ ಜೋಡಿಸಲಿಕ್ಕೆ ಕರೆಯುವ ರೀಮ್ಯಾಪ್_ಪಿಎಫ್ಎನ್_ರೇಂಜ್ ತಾನೇ ಐಒ, ಪಿಎಫ್ಎನ್‌ಮ್ಯಾಪ್, ಡೋಂಟ್‌ಎಕ್ಸ್‌ಪ್ಯಾಂಡ್, ಡೋಂಟ್‌ಡಂಪ್ ನಾಲ್ಕು ಫ್ಲ್ಯಾಗನ್ನೂ ಹಾಕಿಕೊಳ್ಳುತ್ತದೆ. ಇಡೀ ಸಾಲನ್ನೇ ಅಳಿಸಿದೆ. ಬಿಲ್ಡ್ ಆಯಿತು.

ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಆ ಸಾಲಿನ ಮೇಲೆಯೇ ಇನ್ನೊಂದು ಕಣ್ಣಿಗೆ ಬಿತ್ತು. ಕಾರ್ಡು ಡೇಟಾ ತುಂಬಿಸುವ ಬಫರನ್ನು ಪ್ರೋಗ್ರಾಮುಗಳು ಓದಬೇಕು, ಬರೆಯಬಾರದು. ಅದಕ್ಕೆ ಡ್ರೈವರ್ ಮಾಡುತ್ತಿದ್ದದ್ದು ಇಷ್ಟೇ: ವಿಎಂ_ರೈಟ್ ಇದ್ದರೆ ಇಪರ್ಮ್ (ಅನುಮತಿ ಇಲ್ಲ) ಎರರ್ ಕೊಟ್ಟು ವಾಪಸ್ ಕಳಿಸುವುದು. ನೋಡಲಿಕ್ಕೆ ಸರಿಯಾಗಿಯೇ ಇದೆ ಅಲ್ವಾ? ಆದರೆ ವಿಎಂ_ಮೇರೈಟ್ ಅಂತ ಇನ್ನೊಂದು ಫ್ಲ್ಯಾಗ್ ಇದೆ. ಮೊದಲನೆಯದು ಈಗ ಬರೆಯಬಹುದಾ ಅಂತ ಹೇಳಿದರೆ ಇದು ಮುಂದೆ ಯಾವಾಗಲಾದರೂ ಬರೆಯುವ ಅನುಮತಿ ಕೇಳಬಹುದಾ ಅಂತ ಹೇಳುತ್ತದೆ. ತೋಟದ ಗೇಟಿಗೆ ಬೀಗ ಹಾಕಿ ಕೀಲಿಕೈ ಅಲ್ಲೇ ಮೊಳೆಗೆ ನೇತುಹಾಕಿದ ಹಾಗೆ.

ಪುಟ್ಟ ಪ್ರೋಗ್ರಾಂ ಬರೆದು ನೋಡಿದೆ. ನಾನು ಇರುವುದು ಬದಿಯಡ್ಕದಲ್ಲಿ. ಕಾರ್ಡು ಹಾಕಿದ ಮೆಷಿನ್ ನಮ್ಮ ಮನೆಯ ಮಾಳಿಗೆಯಲ್ಲಿದೆ. ತುಲಾ ತಿಂಗಳ ಸಂಜೆ, ಗುಡುಗು ಶುರುವಾದ ಕೂಡಲೇ ಅಮ್ಮ ಕೆಳಗಿನಿಂದ "ಪ್ಲಗ್ ತೆಗೆದಿಯಾ?" ಅಂತ ಕೂಗುತ್ತಾರೆ. ಸಿಡಿಲಿನ ವಿಷಯದಲ್ಲಿ ಈ ಊರಿನವರಿಗೆ ವಾದ ಮಾಡಿ ಪ್ರಯೋಜನ ಇಲ್ಲ. ಪ್ಲಗ್ ತೆಗೆದು, ಊಟ ಮುಗಿಸಿ, ಮಳೆ ಬಿಟ್ಟ ಮೇಲೆ ಮತ್ತೆ ಕೂತೆ. ಬಫರನ್ನು ಓದಲಿಕ್ಕೆ ಮಾತ್ರ ಅಂತ ಮ್ಯಾಪ್ ಮಾಡಿ, ಮರುಸಾಲಿನಲ್ಲೇ, ಅನುಮತಿ ಬದಲಿಸುವ ಕರೆಯಾದ ಎಂಪ್ರೊಟೆಕ್ಟ್‌ನಲ್ಲಿ ಬರೆಯುವ ಅನುಮತಿ ಕೇಳಿದೆ. ಸೊನ್ನೆ ಬಂತು, ಅಂದರೆ ಒಪ್ಪಿಗೆ. ಬಫರಿನ ತಲೆಭಾಗದಲ್ಲಿರುವ ಎಣಿಕೆಯ ಜಾಗಕ್ಕೆ ಒಂದು ಸಂಖ್ಯೆ ಬರೆದೆ, ಅದೂ ಆಯಿತು.

ಕಾರ್ಡನ್ನು ತಲುಪುವ ಡಿವೈಸ್ ಫೈಲನ್ನು ಓದಲಿಕ್ಕೆ ಮಾತ್ರ ತೆರೆದಿದ್ದರೆ ಕರ್ನೆಲ್ಲೇ ಶೇರ್ಡ್ ಮ್ಯಾಪಿಂಗಿನ ಮೇರೈಟ್ ತೆಗೆದುಬಿಡುತ್ತಿತ್ತು. ಆದರೆ ನಮ್ಮಲ್ಲಿ ರಿಜಿಸ್ಟರುಗಳೂ (ಕಾರ್ಡಿಗೆ ಆದೇಶ ಬರೆಯುವ ಜಾಗಗಳು) ಅದೇ ಫೈಲಿನಲ್ಲಿವೆ, ಅವಕ್ಕೆ ಬರೆಯಲೇಬೇಕು. ಹಾಗಾಗಿ ಎಲ್ಲರೂ ತೆರೆಯುವುದು ಓದು-ಬರಹ ಎರಡಕ್ಕೂ.

ರಿಪೇರಿ ಒಂದೇ ಸಾಲು. ಬಫರಿನ ಕಡೆ ರೀಮ್ಯಾಪಿಗೆ ಮೊದಲು ವಿಎಂ_ಫ್ಲ್ಯಾಗ್ಸ್_ಕ್ಲಿಯರ್ ಕರೆದು ವಿಎಂ_ಮೇರೈಟ್ ತೆಗೆಯುವುದು. ರಿಪೇರಿಗೆ ಮೊದಲೂ ಆಮೇಲೂ, ಪ್ರೋಸೆಸ್ಸಿನ ಮೆಮೊರಿಯ ವಿವರ ತೋರಿಸುವ /ಪ್ರೋಕ್‌ನ ಎಸ್‌ಮ್ಯಾಪ್ಸ್ ತೆರೆದು ವಿಎಂಫ್ಲ್ಯಾಗ್ಸ್ ಸಾಲು ನೋಡಿದೆ. ಅಲ್ಲಿ ಫ್ಲ್ಯಾಗುಗಳೆಲ್ಲ ಎರಡೆರಡು ಅಕ್ಷರದಲ್ಲಿ ಇರುತ್ತವೆ. ಮೊದಲು 'ಎಂಡಬ್ಲ್ಯೂ' (ಮೇರೈಟ್) ಇತ್ತು, ಈಗ ಇಲ್ಲ. ಎಂಪ್ರೊಟೆಕ್ಟ್ ಈಗ ಇಆ್ಯಕ್ಸೆಸ್ ಎರರ್ ಕೊಟ್ಟು ಬಾಗಿಲು ಹಾಕುತ್ತದೆ. ಆ ಪರೀಕ್ಷೆ ನಡೆಯುವ ರೀತಿಯೂ ಚಂದ. ರೈಟ್ 0x2, ಮೇರೈಟ್ 0x20. ಫ್ಲ್ಯಾಗನ್ನು ನಾಲ್ಕು ಬಿಟ್ ಬಲಕ್ಕೆ ಸರಿಸಿದರೆ ಮೇ ಬಿಟ್ಟುಗಳು ಸರಿಯಾಗಿ ಅನುಮತಿಯ ಬಿಟ್ಟುಗಳ ಮೇಲೆ ಬಂದು ಕೂರುತ್ತವೆ. ಕೇಳಿದ್ದಕ್ಕೂ ಕೊಡಬಹುದಾದದ್ದಕ್ಕೂ ಹೊಂದಿಕೆ ಇದೆಯಾ ಅಂತ ಅಲ್ಲೇ ಗೊತ್ತಾಗುತ್ತದೆ.

ಹಳೆ ಕರ್ನೆಲ್‌ಗೂ ಬಿಲ್ಡ್ ಆಗಬೇಕಲ್ಲ, ಅದಕ್ಕೆ ಆವೃತ್ತಿಯ ಸಂಖ್ಯೆ ನೋಡಿ ತೀರ್ಮಾನಿಸುವುದು ಬೇಡ ಅಂತ ಬಿಟ್ಟೆ. ಈ ಫಂಕ್ಷನ್‌ಗಳನ್ನು ಕೆಲವರು ಹಿಂದಿನ ಕರ್ನೆಲ್‌ಗಳಿಗೂ ತಂದಿರುತ್ತಾರೆ. ಬಿಲ್ಡ್ ಹೊತ್ತಿಗೆ ಫಂಕ್ಷನ್ ಇದೆಯಾ ಅಂತ ಹುಡುಕುವುದೇ ಕ್ಷೇಮ.

ಪ್ಯಾಚ್ ಹೋದ ಮೇಲೆ ಒಂದು ದೂರು ಬಂತು. ಕ್ಯಾಲಿಬ್ರೇಶನ್‌ನ ಹಳೆ ಟೂಲ್ ನಿಂತುಹೋಗಿದೆ ಅಂತ. ಬಿಚ್ಚಿ ನೋಡಿದರೆ ಅದು ಎಣಿಕೆಯನ್ನು ಸೊನ್ನೆ ಮಾಡಲಿಕ್ಕೆ ಎಂಪ್ರೊಟೆಕ್ಟ್ ಕರೆದು ಬಫರಿಗೇ ಬರೆಯುತ್ತಿತ್ತು ಮಾರಾಯ್ರೇ! ಪ್ಯಾಚ್ ವಾಪಸ್ ತೆಗೆಯೋಣವಾ ಅಂತ ಮೀಟಿಂಗಿನಲ್ಲಿ ಕೇಳಿದರು. ಆಗುವುದಿಲ್ಲ ಎಂದೆ. ಎಣಿಕೆ ಸೊನ್ನೆ ಮಾಡಲಿಕ್ಕೆ ಒಂದು ಐಒಸಿಟಿಎಲ್ (ಡ್ರೈವರಿಗೆ ನೇರ ಆದೇಶ ಕಳಿಸುವ ದಾರಿ) ಬರೆಯುತ್ತಿದ್ದೇನೆ. ಟೂಲ್ ಬದಲಿಸುವ ಕೆಲಸ ಪಯ್ಯನ್ನೂರಿನವನದ್ದು.